ಜೇನು ಕೊಡದ ಜೇನುಗಳು

ಕನ್ನಡದಲ್ಲಿ ಜೇನು ಎಂದರೆ ಹುಳವೂ ಹೌದು, ಅದು ಕೂಡಿಟ್ಟ ತುಪ್ಪವೂ ಹೌದು. ಎರಡಕ್ಕೂ ಒಂದೇ ಮಾತು ಸಾಕಾದದ್ದೇಕೆ ಎಂದು ಊಹಿಸುವುದು ಕಷ್ಟವಲ್ಲ: ನಮ್ಮವರು ಈ ಕೀಟವನ್ನು ಗುರುತಿಸಿದ್ದೇ ತುಪ್ಪಕ್ಕಾಗಿ. ತುಪ್ಪ ಕೊಡುವ ಜೇನಿನ ವಿಷಯದಲ್ಲಿ ಅವರ ಕಣ್ಣು ಬಲು ಚುರುಕು. ಬಂಡೆಗೋ ಆಲದ ಕೊಂಬೆಗೋ ಒಂದೇ ದೊಡ್ಡ ಎರಿಯನ್ನು ತೂಗುಬಿಡುವುದು ಹೆಜ್ಜೇನು. ಪೊಟರೆಯ ಕತ್ತಲಲ್ಲಿ ಸಾಲಾಗಿ ಎರಿ ಕಟ್ಟುವುದು ತುಡುವೆ. ಪೊದೆಯ ಕಡ್ಡಿಗೆ ಅಂಗೈಯಗಲದ ಎರಿ ಅಂಟಿಸುವುದು ಕೋಲುಜೇನು. ಗೋಡೆಯ ಸಂದಿನಲ್ಲಿ ಮೇಣದ ಕೊಳವೆಯನ್ನೇ ಬಾಗಿಲಾಗಿಸಿಕೊಂಡ, ಚುಚ್ಚಲಾರದ ಪುಟ್ಟ ಜೇನು ಒಂದೂರಲ್ಲಿ ನಸರಿ, ಇನ್ನೊಂದೂರಲ್ಲಿ ಮಿಸ್ರಿ, ಮತ್ತೊಂದು ಕಡೆ ಮುಜಂಟಿ. ಆದರೆ ಜಗತ್ತಿನಲ್ಲಿ ವಿಜ್ಞಾನ ಈವರೆಗೆ ಹೆಸರಿಟ್ಟಿರುವ ಜೇನಿನ ಪ್ರಭೇದಗಳು 20,000ಕ್ಕೂ ಹೆಚ್ಚು. ಭಾರತದಲ್ಲಿ ಕಂಡವೇ 700ಕ್ಕೂ ಹೆಚ್ಚು. ಅವುಗಳಲ್ಲಿ ನಾವು ಹಿಂಡಿ ತಿನ್ನುವಷ್ಟು ತುಪ್ಪ ಕೂಡಿಡುವವು ಬೆರಳೆಣಿಕೆಯವು. ಉಳಿದವುಗಳಿಗೆ, ದುಂಬಿಯೊಂದನ್ನು ಬಿಟ್ಟರೆ, ನಮ್ಮ ಬಳಕೆಯ ಮಾತಿನಲ್ಲಿ ಹೆಸರಿಲ್ಲ. ಇದು ನಿಘಂಟಿನ ಕೊರತೆಯಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದು ನಮ್ಮ ಕೃಷಿ ಸಲಹೆಯೊಳಕ್ಕೂ ಸರ್ಕಾರದ ಯೋಜನೆಯೊಳಕ್ಕೂ ಇಳಿದಿದೆ. ಜೇನು ಉಳಿಸಿ ಎಂದಾಗ ನಮ್ಮ ಕಣ್ಣ ಮುಂದೆ ಬರುವುದು ಪೆಟ್ಟಿಗೆ. ಪೆಟ್ಟಿಗೆ ಎಷ್ಟು ಹೆಚ್ಚಿದರೂ ಪೆಟ್ಟಿಗೆಗೆ ಬಾರದ ಜೇನು ಅದರಿಂದ ಉಳಿಯದು. ಅದಕ್ಕೆ ಬೇಕಾದದ್ದು ನೆಲ, ಮತ್ತು ಅದಕ್ಕೂ ಮೊದಲು ಒಂದು ಗುರುತು.

ಜೇನು ಎಂದರೆ ಯಾವುದು ಎಂಬಲ್ಲಿಂದಲೇ ಹೊರಡಬೇಕು. ರಾಣಿ, ಎರಿ, ತುಪ್ಪ, ಕುಣಿತ ಇವು ಯಾವುವೂ ಜೇನಿನ ಲಕ್ಷಣವಲ್ಲ. ಅವು ಒಂದು ಸಣ್ಣ ಬಳಗದ ವಿಶೇಷ. ಸುಮಾರು 12 ಕೋಟಿ ವರ್ಷಗಳ ಹಿಂದೆ, ಹೂ ಬಿಡುವ ಗಿಡಗಳು ಭೂಮಿಯಲ್ಲಿ ಹರಡತೊಡಗಿದ್ದ ಕಾಲದಲ್ಲಿ, ಬೇಟೆಗಾರ ಕಣಜಗಳ ಒಂದು ಕವಲು ತನ್ನ ಮರಿಗೆ ಹುಳ ಹಿಡಿದು ತರುವುದನ್ನು ಬಿಟ್ಟು ಪರಾಗ ತರತೊಡಗಿತು. ಮಾಂಸ ಬಿಟ್ಟ ಆ ಕಣಜದ ಸಂತತಿಯೇ ಜೇನು. ಪರಾಗ ಹಿಡಿದುಕೊಳ್ಳಲು ಅನುವಾಗುವಂತೆ ಕವಲೊಡೆದ ರೋಮ ಅದರ ಮೈಮೇಲಿದೆ. ಈ ಸಂತತಿಯ ಬಹುಪಾಲು ಇಂದಿಗೂ ಒಂಟಿ ಬದುಕಿನದು. ಒಬ್ಬಳೇ ತಾಯಿ ನೆಲದಲ್ಲೋ ಕಡ್ಡಿಯಲ್ಲೋ ಬಿಲ ಮಾಡುತ್ತಾಳೆ, ಪರಾಗವನ್ನೂ ಮಕರಂದವನ್ನೂ ಕಲೆಸಿ ಉಂಡೆ ಕಟ್ಟುತ್ತಾಳೆ, ಅದರ ಮೇಲೊಂದು ಮೊಟ್ಟೆಯಿಟ್ಟು ಕೋಣೆ ಮುಚ್ಚುತ್ತಾಳೆ, ಮುಂದಿನ ಕೋಣೆಗೆ ಮತ್ತೆ ಹೂವಿನತ್ತ ಹೊರಡುತ್ತಾಳೆ. ಹೆಚ್ಚಿನ ಒಂಟಿಜೇನುಗಳಲ್ಲಿ ತಾಯಿ ತನ್ನ ಮಕ್ಕಳ ಮುಖ ನೋಡುವುದಿಲ್ಲ. ಕಾಯಲು ತುಪ್ಪದ ಉಗ್ರಾಣವಿಲ್ಲದ ಕಾರಣ ಆಕೆ ಗುಂಪುಗಟ್ಟಿ ಬಂದು ಯಾರನ್ನೂ ಚುಚ್ಚುವುದಿಲ್ಲ. ಮೇಲೆರಗಿ ಚುಚ್ಚುವುದೂ ಇಲ್ಲ, ತುಪ್ಪವೂ ಇಲ್ಲ ಎಂದ ಮೇಲೆ ನಮ್ಮ ಲೆಕ್ಕದಿಂದ ಆಕೆ ಹೊರಗುಳಿದದ್ದು ಸಹಜವೇ.

ವಿಜ್ಞಾನವೂ ಮೊದಲಿಗೆ ಈ ತುಪ್ಪದ ಕಣ್ಣಿನಿಂದಲೇ ನೋಡಿತು. 1758ರಲ್ಲಿ ಲಿನೇಯಸ್ ತನಗೆ ಗೊತ್ತಿದ್ದ ಜೇನುಗಳನ್ನೆಲ್ಲ ‘ಏಪಿಸ್’ ಎಂಬ ಒಂದೇ ಕುಲದಲ್ಲಿ ಕೂಡಿಸಿ, ಯುರೋಪಿನ ಸಾಕುಜೇನಿಗೆ ‘ಮೆಲಿಫೆರಾ’ ಎಂದು ಹೆಸರಿಟ್ಟ. ತುಪ್ಪ ಹೊರುವಂಥದು ಎಂದು ಅರ್ಥ. ಅದು ಹೊರುವುದು ಮಕರಂದ, ತುಪ್ಪ ಆಗುವುದು ಗೂಡಿನಲ್ಲಿ ಎಂದು ಹೊಳೆದ ಮೇಲೆ ತುಪ್ಪ ಮಾಡುವಂಥದು ಎಂಬರ್ಥದ ‘ಮೆಲಿಫಿಕಾ’ಕ್ಕೆ ಬದಲಿಸಲು ಹೊರಟ. ಮೊದಲಿಟ್ಟ ಹೆಸರೇ ಉಳಿಯಬೇಕೆಂಬ ನಿಯಮದಿಂದಾಗಿ ತಪ್ಪು ಹೆಸರೇ ಇಂದಿಗೂ ನಡೆಯುತ್ತಿದೆ. 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಕರ್ಬಿ ತನ್ನ ನಾಡಿನ ಜೇನುಗಳನ್ನು ನಾಲಿಗೆಯ ರಚನೆ ನೋಡಿ ಎರಡು ಪಂಗಡವಾಗಿ ಒಡೆದ. ಮುಂದಿನ ವರ್ಗೀಕರಣ ಬೆಳೆದದ್ದು ಈ ದಾರಿಯಲ್ಲಿ. ನಾಲಿಗೆ ಉದ್ದವೋ ಗಿಡ್ಡವೋ, ಪರಾಗ ಹೊರುವುದು ಹಿಂಗಾಲಲ್ಲೋ ಹೊಟ್ಟೆಯಡಿಯಲ್ಲೋ, ರೆಕ್ಕೆಯ ನರ ಹೇಗೆ ಹರಿದಿದೆ ಎಂದು ನೋಡುತ್ತ ಈಗ ಜೇನುಗಳನ್ನು ಏಳು ಕುಟುಂಬಗಳಾಗಿ ಬಿಡಿಸಿದ್ದಾರೆ. ಸೂಜಿಗೆ ಚುಚ್ಚಿಟ್ಟ ಒಣ ಹುಳದ ಕೂದಲೆಣಿಸುವ ಕೆಲಸ ಇದು ಎಂದು ತೋರಬಹುದು. ಹಾಗಲ್ಲ. ನಾಲಿಗೆಯ ಉದ್ದ ಯಾವ ಹೂವಿನ ಮಕರಂದ ಎಟುಕುತ್ತದೆ ಎಂಬುದನ್ನು ಹೇಳುತ್ತದೆ, ರೋಮದ ಜಾಗ ಪರಾಗ ಯಾವ ಹೂವಿನಲ್ಲಿ ಉದುರುತ್ತದೆ ಎಂಬುದನ್ನು ಹೇಳುತ್ತದೆ. ವರ್ಗೀಕರಣ ಎಂದರೆ ಬದುಕಿನ ಬಗೆಗಳ ಪಟ್ಟಿ.

ಗುಲಾಬಿಯ ಎಲೆಯಂಚಿನಲ್ಲಿ ಯಾರೋ ಕತ್ತರಿಯಿಂದ ದುಂಡಗೆ ಕತ್ತರಿಸಿದಂಥ ಗುರುತು ಕಂಡರೆ ಅದು ಎಲೆಕತ್ತರಿ ಜೇನಿನ ಕೆಲಸ. ಆ ಚೂರುಗಳನ್ನು ಬೀಡಿಯಂತೆ ಸುತ್ತಿ ಆಕೆ ಮಗುವಿನ ಕೋಣೆ ಕಟ್ಟುತ್ತಾಳೆ. ಆಕೆಯ ಕುಟುಂಬದವರು ಪರಾಗವನ್ನು ಹೊಟ್ಟೆಯಡಿಯ ರೋಮದ ಕುಂಚದಲ್ಲಿ ಹೊರುತ್ತಾರೆ. ನಮ್ಮ ಬೆವರನ್ನು ನೆಕ್ಕಲು ಬಂದು ಕೂರುವ ಪುಟಾಣಿ ಜೇನುಗಳದ್ದು ಇನ್ನೊಂದು ಕುಟುಂಬ, ಅವುಗಳ ಮನೆ ಹೆಚ್ಚಾಗಿ ನೆಲದೊಳಗೆ. ಮತ್ತೊಂದು ಕುಟುಂಬದವು ತಮ್ಮ ಕೋಣೆಯ ಗೋಡೆಗೆ ನೀರು ಒಸರದ ತೆಳುಹಾಳೆಯಂಥ ಲೇಪ ಬಳಿಯುತ್ತವೆ. ಏಳರಲ್ಲಿ ಒಂದು ಕುಟುಂಬ ಆಸ್ಟ್ರೇಲಿಯಾ ಬಿಟ್ಟು ಎಲ್ಲೂ ಇಲ್ಲ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಅಮೆಗಿಲಾ, ಅದರ ಬಿಲಕ್ಕೆ ನುಸುಳಿ ಕೋಗಿಲೆಯಂತೆ ಮೊಟ್ಟೆಯಿಡುವ ಥೈರಿಯಸ್, ಕರ್ರಗೆ ಮಿರುಗುವ ದುಂಬಿ ಇವು ಹೆಜ್ಜೇನಿನ ಕುಟುಂಬದವೇ. ದುಂಬಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಇಂಗ್ಲಿಷಿನ ಬಂಬಲ್‌ಬೀಗೆ ದುಂಬಿ ಎಂದು ಅನುವಾದಿಸುವ ವಾಡಿಕೆ ನಮ್ಮಲ್ಲಿ ಬೆಳೆದಿದೆ. ಬಂಬಲ್‌ಬೀ ತಂಪು ನಾಡಿನ ಜೇನು, ಭಾರತದಲ್ಲಿ ಅದರ ನೆಲೆ ಹಿಮಾಲಯ. ನಮ್ಮ ಕವಿಗಳು ಭೃಂಗವೆಂದು, ತುಂಬಿಯೆಂದು ಹಾಡಿದ ಕಪ್ಪು ಹುಳ ಬೇರೆ. ಒಣಮರ ಕೊರೆದು ಮನೆ ಮಾಡುವ ಬಡಗಿ ಅದು. ಇದ್ದ ಒಂದು ಹೆಸರನ್ನೂ ನಾವು ಇಲ್ಲಿಲ್ಲದ ಹುಳಕ್ಕೆ ಕೊಟ್ಟುಬಿಟ್ಟೆವು.

ಭಾರತದ ಜೇನುಗಳನ್ನೆಲ್ಲ ಒಟ್ಟಾಗಿ ವಿವರಿಸಲು ಹೊರಟ ದೊಡ್ಡ ಗ್ರಂಥ ಬಂದದ್ದು 1897ರಲ್ಲಿ, ಸಿ.ಟಿ. ಬಿಂಗ್‌ಹ್ಯಾಮ್ ಎಂಬ ಬ್ರಿಟಿಷ್ ಅಧಿಕಾರಿಯಿಂದ. ಅದು ಜೇನಿಗೂ ಕಣಜಕ್ಕೂ ಸೇರಿದ ಸಂಪುಟ. ಆಮೇಲೆ ಎಷ್ಟೋ ಬಿಡಿ ಅಧ್ಯಯನಗಳು ನಡೆದಿವೆ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲೂ ಕೀಟಗಳ ಸಂಗ್ರಹ ಬೆಳೆದಿದೆ. ಆದರೂ ನಮ್ಮ ಬಹಳಷ್ಟು ಪ್ರಭೇದಗಳ ಮೂಲ ಮಾದರಿ, ಅಂದರೆ ಹೆಸರಿಡುವಾಗ ಎದುರಿಗಿದ್ದ ಆ ಒಂದು ಹುಳ, ಇರುವುದು ಯುರೋಪಿನ ಸಂಗ್ರಹಾಲಯಗಳಲ್ಲಿ. ಇಲ್ಲಿ ಸಿಕ್ಕ ಜೇನು ಅದೇ ಹೌದೇ ಎಂದು ಖಚಿತ ಮಾಡಿಕೊಳ್ಳಲು ಅಲ್ಲಿಗೆ ಹೋಗಬೇಕು. ಇಷ್ಟೊಂದು ಜನ ನೋಡಿದ, ಸಾಕಿದ ಜೇನಿನ ಬಳಗದಲ್ಲೇ 2022ರಲ್ಲಿ ಕೇರಳದ ಸಂಶೋಧಕರು ಪಶ್ಚಿಮ ಘಟ್ಟದ ಕಪ್ಪು ಜೇನೊಂದನ್ನು ಬೇರೆಯೇ ಪ್ರಭೇದವೆಂದು ಹೆಸರಿಟ್ಟು ವಿವರಿಸಿದರು. ತುಪ್ಪ ಕೊಡುವ ಜೇನಿನ ಕತೆಯೇ ಹೀಗಿರುವಾಗ ಬದುವಿನ ಬಿಲದಲ್ಲಿರುವ ಸಣ್ಣ ಜೇನಿನದು ಏನಿರಬೇಡ.

ಈಗ ಹೊಲಕ್ಕೆ ಬರೋಣ. ಬದನೆ ಹೂವಿನ ನಡುವೆ ಹಳದಿ ಕೊಳವೆಗಳ ಗೊಂಚಲಿದೆಯಲ್ಲ, ಪರಾಗ ಇರುವುದು ಅದರೊಳಗೆ. ಹೊರಬರಲು ತುದಿಯಲ್ಲಿ ಸಣ್ಣ ತೂತು ಮಾತ್ರ. ನೀಲಿಪಟ್ಟೆಯ ಅಮೆಗಿಲಾ ಆ ಗೊಂಚಲನ್ನು ತಬ್ಬಿ, ರೆಕ್ಕೆ ಮಡಚಿಕೊಂಡೇ ಹಾರಾಟದ ಸ್ನಾಯುಗಳನ್ನು ಅದುರಿಸುತ್ತದೆ. ಆ ಕಂಪನಕ್ಕೆ ಪರಾಗ ತೂತಿನಿಂದ ಚಿಮ್ಮಿ ಅದರ ಮೈಗೆ ಮೆತ್ತಿಕೊಳ್ಳುತ್ತದೆ. ದುಂಬಿಗೂ ಈ ವಿದ್ಯೆ ಗೊತ್ತು, ನೆಲದಲ್ಲಿ ಬಿಲ ತೋಡುವ ಇನ್ನೂ ಹಲವಕ್ಕೆ ಗೊತ್ತು. ತುಡುವೆಗೆ, ಹೆಜ್ಜೇನಿಗೆ, ಯುರೋಪಿನ ಪೆಟ್ಟಿಗೆ ಜೇನಿಗೆ ಇದು ಬಾರದು. ಬದನೆ ಹೊಲದ ಅಂಚಿನಲ್ಲಿ ಹತ್ತು ಪೆಟ್ಟಿಗೆ ಇಟ್ಟರೂ ಈ ಕೆಲಸ ಆಗುವುದಿಲ್ಲ. ಟೊಮೆಟೊ ಹೂವಿನ ರಚನೆಯೂ ಇದೇ ಬಗೆಯದು. ತೊಗರಿಯದು ಬೇರೆ ಲೆಕ್ಕ. ಅದರ ದಳಗಳ ದೋಣಿಯನ್ನು ಒತ್ತಿ ತೆರೆಯುವಷ್ಟು ಬಲವಿರುವ ಎಲೆಕತ್ತರಿ ಜೇನು, ದುಂಬಿಗಳು ಬಂದಾಗಲೇ ಒಂದು ಗಿಡದ ಪರಾಗ ಇನ್ನೊಂದಕ್ಕೆ ಚೆನ್ನಾಗಿ ಹೋಗುವುದು. ಮಾಮೂಲಿ ತೊಗರಿ ತನ್ನ ಪರಾಗದಿಂದಲೂ ಕಾಯಿ ಕಟ್ಟುತ್ತದೆ, ಜೇನಿಲ್ಲದಿದ್ದರೆ ಕಲಬುರಗಿಯ ತೊಗರಿ ನಾಳೆಯೇ ಇಲ್ಲವಾಗುತ್ತದೆ ಎನ್ನುವುದು ಅತಿಶಯೋಕ್ತಿ. ಆದರೆ ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ರೂಪಿಸಿದ ಹೈಬ್ರಿಡ್ ತೊಗರಿಯ ಬೀಜೋತ್ಪಾದನೆ ನಿಂತಿರುವುದೇ ಜೇನಿನ ಮೇಲೆ. ಗಂಡು ಭಾಗ ಬಂಜೆಯಾದ ಸಾಲಿಗೆ ಪಕ್ಕದ ಸಾಲಿನ ಪರಾಗ ತರುವವರು ಅವೇ.

ಏಲಕ್ಕಿಯ ಉದಾಹರಣೆ ಇದಕ್ಕಿಂತ ಆಳಕ್ಕೆ ಹೋಗುತ್ತದೆ. ಸಸ್ಯವಿಜ್ಞಾನಿ ಕೆ.ಆರ್. ಶಿವಣ್ಣ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಕಾಡು ಏಲಕ್ಕಿಯನ್ನೂ ತೋಟದ ಏಲಕ್ಕಿಯನ್ನೂ ಹೋಲಿಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ತೋಟದಲ್ಲಿ ಪರಾಗಸ್ಪರ್ಶ ಮಾಡುವವರು ಹೆಜ್ಜೇನು, ತುಡುವೆ, ಮಿಸ್ರಿ. ಕಾಡಿನಲ್ಲಿ ಆ ಕೆಲಸ ಅಮೆಗಿಲಾದ ಎರಡು ಪ್ರಭೇದಗಳದು ಮತ್ತು ಒಂದು ಎಲೆಕತ್ತರಿ ಜೇನಿನದು. ಗಿಡ ಒಂದೇ, ಬೆಟ್ಟವೂ ಒಂದೇ, ಕೆಲಸಗಾರರು ಮಾತ್ರ ಬೇರೆ. ಇದಕ್ಕೆ ಕಾರಣ ಹುಡುಕುವುದು ಕಷ್ಟವಲ್ಲ. ಸಾವಿರಾರು ಬಾಯಿಗಳ ಸಂಸಾರ ನಡೆಸುವ ಹೆಜ್ಜೇನಿಗೆ ಒಂದೇ ಕಡೆ ರಾಶಿ ಹೂ ಬೇಕು, ತೋಟ ಅದನ್ನು ಕೊಡುತ್ತದೆ. ಕಾಡಿನ ನೆರಳಲ್ಲಿ ಅಲ್ಲೊಂದು ಇಲ್ಲೊಂದು ಅರಳುವ ಏಲಕ್ಕಿಯನ್ನು ಹುಡುಕಿಕೊಂಡು ಹೋಗುವುದು ಒಂಟಿಜೇನಿಗೆ ಹೊಂದುವ ಕೆಲಸ. ನಾಳೆ ಹೊಸ ರೋಗಕ್ಕೆ ನಿಲ್ಲುವ ಏಲಕ್ಕಿ ತಳಿ ಬೇಕೆಂದರೆ ನಾವು ಹೋಗಿ ಕೇಳಬೇಕಾದದ್ದು ಆ ಕಾಡುಗಿಡವನ್ನು. ಹಾಗಾಗಿ ತೋಟದ ಲೆಕ್ಕದಲ್ಲಿ ಕಾಣದ ಆ ಮೂರು ಜೇನುಗಳು ತೋಟದ ಮುಂದಿನ ದಿನಗಳನ್ನು ಕಾಯುತ್ತಿವೆ.

ರಾತ್ರಿಯ ಪಾಳಿಯೂ ಇದೆ. ಮಹಾರಾಷ್ಟ್ರದ ಭೀಮಾಶಂಕರದ ಕಾಡಿನಲ್ಲಿ ಹೇಮಾ ಸೋಮನಾಥನ್, ಭಾರತೀಯ ವಿಜ್ಞಾನ ಸಂಸ್ಥೆಯ ರೆನೆ ಬೋರ್ಜಸ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ ಒಂದು ದುಂಬಿ ಚಂದ್ರನಿಲ್ಲದ ಇರುಳಲ್ಲೂ ಹಾರುತ್ತದೆ, ನಕ್ಷತ್ರದ ಬೆಳಕಿನಲ್ಲಿ ಹೂವಿನ ಬಣ್ಣ ಗುರುತಿಸುತ್ತದೆ. ಅದೇ ಕಾಡಿನ ಇನ್ನೊಂದು ದುಂಬಿ ಹೆಚ್ಚಾಗಿ ಹಗಲಿನದೇ, ಆಗೀಗ ಮಬ್ಬುಗತ್ತಲಲ್ಲೂ ಹೊರಬರುತ್ತದೆ, ಮತ್ತೊಂದು ಪೂರ್ತಿ ಹಗಲಿನದು. ನೋಡುವವರಿಗೆ ಮೂರೂ ದೊಡ್ಡ ದುಂಬಿಗಳೇ. ಇರುಳ ದುಂಬಿಯ ವೈಜ್ಞಾನಿಕ ಹೆಸರಿನಲ್ಲಿ ತಮಿಳು ಕರಾವಳಿಯ ತರಂಗಂಬಾಡಿ ಸೇರಿಕೊಂಡಿದೆ. ಡೆನ್ಮಾರ್ಕಿನವರ ಆ ಹಳೆಯ ನೆಲೆಯಿಂದ ಯುರೋಪಿಗೆ ಹೋದ ಹುಳಕ್ಕೆ 1804ರಲ್ಲಿ ಕೀಟವಿಜ್ಞಾನಿ ಫ್ಯಾಬ್ರಿಸಿಯಸ್ ಹೆಸರಿಟ್ಟ. ಅದು ಇರುಳಲ್ಲಿ ಬಣ್ಣ ಕಾಣುತ್ತದೆಂದು ತಿಳಿಯಲು ಮತ್ತೆ ಇನ್ನೂರು ವರ್ಷ ಹಿಡಿಯಿತು.

ಇವೆಲ್ಲ ಬಿಡಿ ಉದಾಹರಣೆಗಳು, ಒಟ್ಟು ಲೆಕ್ಕದಲ್ಲಿ ಸಾಕುಜೇನೇ ಬಹುಪಾಲು ಕೆಲಸ ಮಾಡುತ್ತದೆ ಎನ್ನುವವರಿದ್ದಾರೆ. 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಲೂಕಾಸ್ ಗರಿಬಾಲ್ಡಿ ಮತ್ತು ಹಲವು ದೇಶಗಳ ಸಂಗಡಿಗರು 41 ಬಗೆಯ ಬೆಳೆ ವ್ಯವಸ್ಥೆಗಳ 600 ಹೊಲಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದರು. ಸಾಕದ ಕೀಟಗಳ ಭೇಟಿ ಹೆಚ್ಚಿದಲ್ಲೆಲ್ಲ ಕಾಯಿ ಕಟ್ಟುವುದು ಹೆಚ್ಚಿತ್ತು. ಸಾಕುಜೇನಿನ ಭೇಟಿ ಹೆಚ್ಚಿದಾಗ ಅದು ಗಮನಾರ್ಹವಾಗಿ ಹೆಚ್ಚಿದ್ದು ಶೇ 14ರಷ್ಟು ವ್ಯವಸ್ಥೆಗಳಲ್ಲಿ ಮಾತ್ರ. ಇದಕ್ಕೆ ಕೊಡಬಹುದಾದ ಒಂದು ವಿವರಣೆ ಸರಳ. ಸಾಕುಜೇನು ಪರಾಗವನ್ನು ಮಕರಂದದಲ್ಲಿ ನೆನೆಸಿ ಹಿಂಗಾಲಿನ ಬುಟ್ಟಿಯಲ್ಲಿ ಒತ್ತಿ ಕಟ್ಟುತ್ತದೆ. ಹಾಗೆ ಕಟ್ಟಿದ್ದು ಹೂವಿಗೆ ಸಿಗುವುದಿಲ್ಲ. ಬಹಳಷ್ಟು ಒಂಟಿಜೇನುಗಳು ಒಣಪರಾಗವನ್ನು ಸಡಿಲವಾಗಿ ಮೈತುಂಬ ಹೊತ್ತು ತಿರುಗುತ್ತವೆ, ಹೋದಲ್ಲೆಲ್ಲ ಚೆಲ್ಲುತ್ತವೆ. ಅವುಗಳ ಈ ಚೆಲ್ಲಾಟವೇ ಗಿಡಕ್ಕೆ ಲಾಭ.

ಹಾಗಿದ್ದೂ ನಮ್ಮ ಹಣ, ಕಾಳಜಿ ಹೋಗುತ್ತಿರುವುದು ಪೆಟ್ಟಿಗೆಯ ಕಡೆಗೆ. 2020ರಲ್ಲಿ ಕೇಂದ್ರ ಸರ್ಕಾರ ಜೇನು ಸಾಕಣೆಗೆ 500 ಕೋಟಿ ರೂಪಾಯಿ ಘೋಷಿಸಿತು. ಅದನ್ನು ನಾನು ಆಕ್ಷೇಪಿಸುವುದಿಲ್ಲ. ಸಣ್ಣ ರೈತನಿಗೆ, ಭೂಮಿಯೇ ಇಲ್ಲದವನಿಗೆ ಜೇನು ಒಂದು ಮರ್ಯಾದೆಯ ಆದಾಯ, ತುಡುವೆಯಂತೂ ಈ ನೆಲದ್ದೇ ಹುಳ. ಕುರಿ ಸಾಕಣೆಗೂ ನೆರವು ಬೇಕು. ಆದರೆ ಕುರಿ ಹೆಚ್ಚಾದುದನ್ನು ಕೃಷ್ಣಮೃಗ ಉಳಿದುದರ ಸಾಕ್ಷಿಯಾಗಿ ಯಾರೂ ತೋರಿಸುವುದಿಲ್ಲ. ಜಗತ್ತಿನಲ್ಲಿ ಪೆಟ್ಟಿಗೆಜೇನಿನ ಸಂಖ್ಯೆ 20ನೇ ಶತಮಾನದ ಕೊನೆಯ ನಾಲ್ಕು ದಶಕಗಳಿಂದ ಈಚೆಗೆ ಒಟ್ಟಾರೆ ಏರಿದೆ. ಯುರೋಪಿನ ಒಂಟಿಜೇನುಗಳ, ಅಮೆರಿಕದ ಬಂಬಲ್‌ಬೀಗಳ ಹಲವು ಪ್ರಭೇದಗಳು ಕುಸಿದದ್ದೂ ಆ ಅವಧಿಯಲ್ಲೇ. 2017ರಲ್ಲಿ ಅಮೆರಿಕ ತನ್ನ ಒಂದು ಬಂಬಲ್‌ಬೀಯನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದಾಗ ಅಲ್ಲಿನ ಪೆಟ್ಟಿಗೆಗಳು ಲಕ್ಷಗಟ್ಟಲೆ ಇದ್ದವು. ಒಂದೇ ಹುಳವನ್ನು ನಂಬಿ ಕೂರುವುದರ ಅಪಾಯವನ್ನು ನಮ್ಮ ಮಲೆನಾಡು, ಕರಾವಳಿ ಕಂಡಿವೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗ ದಕ್ಷಿಣ ಭಾರತದಲ್ಲಿ ಹರಡಿ ತುಡುವೆ ಕುಟುಂಬಗಳ ಬಹುಪಾಲನ್ನು ಬಲಿ ತೆಗೆದುಕೊಂಡಿತು. ಸಾಲುಸಾಲು ಪೆಟ್ಟಿಗೆಗಳು ಬರಿದಾದವು.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ಅದು ಬಂದಿರುವುದು ಜೇನಿನ ಸಂಶೋಧಕರಿಂದಲೇ. 2015ರಲ್ಲಿ ಡೇವಿಡ್ ಕ್ಲೈನ್ ಮತ್ತು ಸಂಗಡಿಗರು ತೋರಿಸಿದ್ದು ಇದು: ಬೆಳೆಯ ಹೂವಿಗೆ ಕಾಡುಜೇನುಗಳು ಕೊಡುವ ಭೇಟಿಗಳಲ್ಲಿ ಶೇ 80ರಷ್ಟು, ಆ ಪ್ರದೇಶದಲ್ಲಿ ಗೊತ್ತಿರುವ ಪ್ರಭೇದಗಳ ಪೈಕಿ ಶೇ 2ರಷ್ಟರವೇ. ಅವು ಸಾಮಾನ್ಯವಾದವು, ಅಪಾಯದಲ್ಲಿಲ್ಲದವು. ಹಾಗಾದರೆ ಉಳಿದ ಶೇ 98 ಏಕೆ ಬೇಕು? ರೈತನ ಲಾಭದ ಹೆಸರಿನಲ್ಲಿ ಎಲ್ಲ ಜೇನನ್ನೂ ಉಳಿಸಿ ಎನ್ನುವುದು ಪ್ರಾಮಾಣಿಕ ವಾದವಲ್ಲ ಎಂದು ಒಪ್ಪಬೇಕು. ಆದರೆ ಆ ಶೇ 2 ಎಲ್ಲ ಕಡೆ ಒಂದೇ ಅಲ್ಲ. 2018ರಲ್ಲಿ ರಾಚೆಲ್ ವಿನ್‌ಫ್ರೀ ತಂಡ ತೋರಿಸಿದಂತೆ, ಒಂದು ಹೊಲಕ್ಕೆ ಸಾಕಾಗುವ ಪ್ರಭೇದಗಳು ಪಕ್ಕದ ಊರಿನ ಹೊಲಕ್ಕೆ ಸಾಲುವುದಿಲ್ಲ. ನೋಡುವ ಪ್ರದೇಶ ದೊಡ್ಡದಾದಂತೆ ಬೇಕಾಗುವ ಪ್ರಭೇದಗಳ ಪಟ್ಟಿ ಬೆಳೆಯುತ್ತ ಹೋಗುತ್ತದೆ. ಅಲ್ಲದೆ ಬೆಳೆ ಎಂದು ನಾವು ಲೆಕ್ಕಕ್ಕೆ ಹಿಡಿಯದ ಎಕ್ಕ, ಕಾಡು ಏಲಕ್ಕಿಗಳಿವೆ. ಇವುಗಳಿಗೆ ಮಾರುಕಟ್ಟೆ ದರವಿಲ್ಲ, ಹೂ ಬಿಡುವ ಹಕ್ಕಿದೆ. ಇದು ಲಾಭದ ವಾದವಲ್ಲ ಎಂದು ತಿಳಿದೇ ಹೇಳುತ್ತಿದ್ದೇನೆ.

ಹೆಸರಿಡುವುದು, ಎಣಿಸುವುದು ವಿದ್ವಾಂಸರ ಹವ್ಯಾಸ, ಮೊದಲು ಉಳಿಸೋಣ ಎನ್ನುವುದು ಮೂರನೆಯ ಮಾತು. ಯುರೋಪಿನಲ್ಲಿ ಇನ್ನೂರು ವರ್ಷ ಹವ್ಯಾಸಿಗಳೂ ವಿದ್ವಾಂಸರೂ ಬಲೆ ಹಿಡಿದು ಓಡಾಡಿದ ಮೇಲೆ 2014ರಲ್ಲಿ ಆ ಖಂಡದ 1,965 ಜೇನು ಪ್ರಭೇದಗಳ ಸ್ಥಿತಿಗತಿಯ ವರದಿ ಬಂತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳ ಎದುರು ಬರೆದದ್ದು, ಹೇಳಲು ಸಾಕಷ್ಟು ಮಾಹಿತಿಯಿಲ್ಲ ಎಂದು. ಮೊದಲಿನ ಎಣಿಕೆ ಇಲ್ಲದೆ ಕುಸಿತ ಕಾಣುವುದಿಲ್ಲ, ಹೆಸರಿಲ್ಲದೆ ಎಣಿಕೆ ಇಲ್ಲ. ತಾಲ್ಲೂಕಿಗೊಬ್ಬರಂತೆ ಜೇನು ಗುರುತಿಸಬಲ್ಲವರನ್ನು ತಯಾರು ಮಾಡಲು ಆ 500 ಕೋಟಿಯ ಚಿಕ್ಕದೊಂದು ಪಾಲು ಸಾಕಿತ್ತು.

ಉಳಿಸುವುದಾದರೂ ಯಾವುದನ್ನು? ಜೇನಿನ ಪ್ರಭೇದಗಳಲ್ಲಿ ಸುಮಾರು ಮುಕ್ಕಾಲು ಪಾಲು ಗೂಡು ಮಾಡುವುದು ಮಣ್ಣಿನಲ್ಲಿ. ಬಿದಿರಿನ ತುಂಡು ಜೋಡಿಸಿದ ‘ಜೇನು ಹೋಟೆಲ್’ಗಳು ನಗರಗಳಲ್ಲಿ ಈಗ ಕಾಣಿಸುತ್ತಿವೆ. ಅವು ಎಲೆಕತ್ತರಿಗಳಿಗೆ ಆಸರೆಯಾದಾವು, ಬಿಲದವರಿಗಲ್ಲ. ಬಿಲದವರಿಗೆ ಬೇಕಾದದ್ದು ಉಳದ, ಅಗೆಯದ, ಬಿಸಿಲು ಬೀಳುವ ಒಂದಿಷ್ಟು ಬರಿನೆಲ: ಹೊಲದ ಬದು, ಕೆರೆಯ ಏರಿ, ಹಳೆಯ ಮಣ್ಣಿನ ಗೋಡೆ. ದುಂಬಿಗೆ ಒಣಗಿದ ಕೊಂಬೆ. ನಾವು ಪಾಳು, ಹಾಳು ಎಂದು ಕರೆಯುವುದೆಲ್ಲ ಇವರ ಊರು. ಬದುವನ್ನು ಟ್ರ್ಯಾಕ್ಟರ್ ಸವರಿ ಇನ್ನೊಂದು ಸಾಲು ಬಿತ್ತುತ್ತೇವೆ, ಉಳಿದದ್ದಕ್ಕೆ ಕಳೆನಾಶಕ ಹೊಡೆಯುತ್ತೇವೆ. ಎಕರೆ ಲೆಕ್ಕದ ಹಿಡುವಳಿಯ ರೈತನಿಗೆ ಆ ಒಂದು ಸಾಲೂ ದೊಡ್ಡದೇ; ಬದು ಬಿಟ್ಟುಕೊಡು ಎಂದು ಅವನಿಗೆ ಬರಿಗೈಯಲ್ಲಿ ಹೇಳುವುದು ನ್ಯಾಯವಲ್ಲ. ಪೆಟ್ಟಿಗೆಗೆ ಸಹಾಯಧನ ಕೊಡಲು ಬರುವುದಾದರೆ ಬದುವಿಗೂ ಕೊಡಲು ಬರುತ್ತದೆ.

ಕೀಟನಾಶಕದ ವಿಷಯದಲ್ಲಂತೂ ಸಾಕುಜೇನೊಂದನ್ನೇ ಅಳತೆಗೋಲು ಮಾಡಿದ ತಪ್ಪು ಎದ್ದು ಕಾಣುತ್ತದೆ. ಸ್ವೀಡನ್ನಿನಲ್ಲಿ ಬೀಜಕ್ಕೆ ನಿಯೋನಿಕೋಟಿನಾಯ್ಡ್ ಲೇಪಿಸಿ ಬಿತ್ತಿದ ಎಣ್ಣೆಕಾಳಿನ ಹೊಲಗಳನ್ನು ಲೇಪಿಸದ ಹೊಲಗಳೊಂದಿಗೆ ಹೋಲಿಸಿದ ಪ್ರಯೋಗದ ಫಲಿತಾಂಶ 2015ರಲ್ಲಿ ‘ನೇಚರ್’ನಲ್ಲಿ ಬಂತು. ಲೇಪಿಸಿದ ಹೊಲಗಳಲ್ಲಿ ಒಂಟಿಜೇನು ಗೂಡನ್ನೇ ಮಾಡಲಿಲ್ಲ, ಬಂಬಲ್‌ಬೀ ಗೂಡುಗಳ ಬೆಳವಣಿಗೆ ಕುಂಠಿತವಾಯಿತು. ಪೆಟ್ಟಿಗೆಜೇನಿನ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಹತ್ತಾರು ಸಾವಿರ ಕೆಲಸಗಾರರಿರುವ ಗೂಡು ನೂರಾರು ಸಾವನ್ನು ನುಂಗಿಕೊಳ್ಳುತ್ತದೆ. ಒಬ್ಬಳೇ ತಾಯಿಯ ಗೂಡಿನಲ್ಲಿ ಆ ಒಬ್ಬಳು ದಾರಿ ತಪ್ಪಿದರೆ ಅಲ್ಲಿಗೆ ಮುಗಿಯಿತು. ಪೆಟ್ಟಿಗೆಜೇನಿಗೆ ಸುರಕ್ಷಿತ ಎಂಬ ಮುದ್ರೆಯೊಂದೇ ಈ ತಾಯಿಗೂ ಸುರಕ್ಷಿತ ಎಂಬುದಕ್ಕೆ ಆಧಾರವಾಗಲಾರದು.

ಜೇನಿಗೆ ತೊಂದರೆಯಾಗದಂತೆ ಔಷಧಿಯನ್ನು ಸಂಜೆ ಹೊಡೆಯಿರಿ ಎಂದು ನಮ್ಮ ರೈತರಿಗೆ ಹೇಳುತ್ತಾರೆ. ಒಳ್ಳೆಯ ಸಲಹೆಯೇ, ಸಂಜೆ ಹೊತ್ತಿಗೆ ತುಡುವೆ ಗೂಡು ಸೇರಿರುತ್ತದೆ. ಆದರೆ ಅಮೆಗಿಲಾದ ಗಂಡುಗಳಿಗೆ ಗೂಡಿಲ್ಲ. ಹೊತ್ತು ಮುಳುಗುವಾಗ ಅವು ಬದುವಿನ ಹುಲ್ಲಿಗೋ ಬೆಳೆಯ ನಡುವಿನ ಒಣಕಡ್ಡಿಗೋ ಬರುತ್ತವೆ, ಒಂದರ ಪಕ್ಕ ಒಂದು ಸಾಲಾಗಿ, ದವಡೆಯಿಂದ ಕಡ್ಡಿ ಕಚ್ಚಿ, ಕಾಲು ಮಡಚಿ ನಿದ್ದೆ ಹೋಗುತ್ತವೆ. ಸಲಹೆಯಂತೆ ಸಂಜೆಗೆ ಕಾದು ಪಂಪು ಹೊತ್ತ ರೈತ ಹೊಲಕ್ಕಿಳಿಯುವುದು ಸರಿಯಾಗಿ ಆ ಹೊತ್ತಿಗೆ.